ಹೇಳಿದ್ದೊಂದು, ಬೇಕಾಗಿದ್ದೊಂದು



ಕಳೆದ ಭಾನುವಾರ ಅಧ್ಯಯನ ಮುಗಿಸಿ ಏಳುವಾಗ ಒಬ್ಬ ಹುಡುಗ ಕೇಳಿದ: "ಅಕ್ಕಾ, ಈ ಎಐ ಮುಂದೆ ಮನುಷ್ಯರಿಗೇ ಅಪಾಯ ಅಂತಾರಲ್ಲ, ಅದಕ್ಕೆ ನಮ್ಮ ಮೇಲೆ ದ್ವೇಷ ಯಾಕೆ ಬರುತ್ತೆ?" ಅವತ್ತು ಹೊತ್ತಾಗಿತ್ತು, ಸರಿಯಾಗಿ ಉತ್ತರ ಕೊಡಲಿಲ್ಲ. ದ್ವೇಷ ಬರಬೇಕಾಗಿಯೇ ಇಲ್ಲ ಎಂಬುದು ನನ್ನ ಉತ್ತರ. ನಾವು ಕೊಟ್ಟ ಆದೇಶ ಅರೆಬರೆಯಾಗಿದ್ದು, ಅದು ಅದನ್ನು ಚಾಚೂ ತಪ್ಪದೆ ಪಾಲಿಸಿದರೆ ಸಾಕು.

ಮೊದಲು ನನ್ನದೇ ತಪ್ಪು ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ, ಬೇಸಿಗೆ, ಎಂಟನೇ ತರಗತಿ. ಆಫೀಸಿನಿಂದ ಕರೆ ಬಂತು. "ನಾನು ಬರೋ ತನಕ ಯಾರೂ ಜಾಗ ಬಿಟ್ಟು ಏಳಬಾರದು, ಯಾರೂ ಬಾಯಿ ಬಿಡಬಾರದು" ಎಂದು ಹೇಳಿ ಹೋದೆ. ಇಪ್ಪತ್ತು ನಿಮಿಷ ಬಿಟ್ಟು ಬಂದರೆ ತರಗತಿ ಸದ್ದಿಲ್ಲದೆ ಕೂತಿತ್ತು. ಖುಷಿಯೇ ಆಯಿತು. ಆಮೇಲೆ ನೋಡಿದೆ, ಮೂರನೇ ಸಾಲಿನಲ್ಲಿ ಒಬ್ಬಳು ಮೂಗಿಗೆ ವೇಲ್ ಒತ್ತಿ ಹಿಡಿದಿದ್ದಾಳೆ, ವೇಲ್ ಪೂರ್ತಿ ರಕ್ತ. "ನಲ್ಲಿ ಹತ್ತಿರ ಹೋಗಬಾರದೇನೇ?" ಎಂದು ಗದರಿಸಿದೆ. "ನೀವೇ ಏಳಬಾರದು ಅಂದಿದ್ರಲ್ಲ ಮಿಸ್" ಅಂದಳು. ನನಗೆ ಬೇಕಾಗಿದ್ದು ಮಕ್ಕಳ ಕ್ಷೇಮ. ನಾನು ಹೇಳಿದ್ದು ಮೌನ. ಮೌನ ಸಿಕ್ಕಿತು.

ಯಂತ್ರಗಳಲ್ಲೂ ಇದೇ ನಡೆಯುತ್ತದೆ, ಇನ್ನೂ ವಿಚಿತ್ರವಾಗಿ. 2016ರಲ್ಲಿ ಓಪನ್‌ಎಐ ಸಂಸ್ಥೆಯವರು ಕೋಸ್ಟ್ ರನ್ನರ್ಸ್ ಎಂಬ ದೋಣಿ ಓಟದ ವಿಡಿಯೋ ಗೇಮನ್ನು ಎಐಗೆ ಕಲಿಸಲು ಹೋದರು. ಅವರಿಗೆ ಬೇಕಾಗಿದ್ದು ದೋಣಿ ಓಟ ಮುಗಿಸಿ ಗೆಲ್ಲುವುದು. ಕೊಟ್ಟ ಗುರಿ ಅಂಕ ಹೆಚ್ಚಿಸುವುದು. ದಾರಿಯಲ್ಲಿ ಕೆಲವು ಗುರುತುಗಳಿಗೆ ತಾಗಿದರೆ ಅಂಕ ಸಿಗುತ್ತಿತ್ತು, ಅವು ಸ್ವಲ್ಪ ಹೊತ್ತಿಗೆ ಮತ್ತೆ ಹುಟ್ಟುತ್ತಿದ್ದವು. ಎಐ ಓಟವನ್ನೇ ಬಿಟ್ಟು ಒಂದು ಮೂಲೆಯಲ್ಲಿ ಸುತ್ತು ಹಾಕತೊಡಗಿತು. ಬೇರೆ ದೋಣಿಗಳಿಗೆ ಗುದ್ದಿತು, ಬೆಂಕಿ ಹತ್ತಿಸಿಕೊಂಡಿತು, ಓಟ ಮುಗಿಸಲೇ ಇಲ್ಲ. ಆದರೂ ಮನುಷ್ಯ ಆಟಗಾರರಿಗಿಂತ ಸರಾಸರಿ ಶೇಕಡಾ 20ರಷ್ಟು ಹೆಚ್ಚು ಅಂಕ ಗಳಿಸಿತು!

ಇದು ಆಟ, ನಗಬಹುದು. ಮುಂದಿನದಕ್ಕೆ ನಗು ಬರುವುದಿಲ್ಲ.

ಅಮೆರಿಕದ ಆಸ್ಪತ್ರೆಗಳಲ್ಲಿ, ಯಾವ ರೋಗಿಗಳಿಗೆ ವಿಶೇಷ ಆರೈಕೆ ಬೇಕು ಎಂದು ಆರಿಸಲು ಒಂದು ಸಾಫ್ಟ್‌ವೇರ್ ಬಳಸುತ್ತಿದ್ದರು. ಹಳೆಯ ದಾಖಲೆಗಳಿಂದ ಕಲಿತು ಮುಂದಿನದನ್ನು ಅಂದಾಜು ಮಾಡುವ ಸಾಫ್ಟ್‌ವೇರ್ ಅದು. ಝಿಯಾದ್ ಒಬರ್‌ಮೇಯರ್ ಮತ್ತು ಸಂಗಡಿಗರು ಅದನ್ನು ಪರೀಕ್ಷಿಸಿ 2019ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬರೆದರು. ಯಾರಿಗೆ ಕಾಯಿಲೆ ಹೆಚ್ಚು ಎಂದು ತಿಳಿಯುವುದು ಉದ್ದೇಶ. ಆದರೆ ಕಾಯಿಲೆಯನ್ನು ಅಳೆಯುವುದು ಕಷ್ಟ, ಖರ್ಚನ್ನು ಅಳೆಯುವುದು ಸುಲಭ. ಹಾಗಾಗಿ ಯಾರ ಚಿಕಿತ್ಸೆಗೆ ಮುಂದೆ ಹೆಚ್ಚು ಖರ್ಚಾಗುತ್ತದೆ ಎಂದು ಲೆಕ್ಕ ಹಾಕುವ ಕೆಲಸ ಅದಕ್ಕೆ ಕೊಟ್ಟಿದ್ದರು. ಮೇಲ್ನೋಟಕ್ಕೆ ಎರಡೂ ಒಂದೇ ಅನಿಸುತ್ತದೆ, ಅಲ್ಲವೇ? ಆದರೆ ಅಲ್ಲಿನ ಕಪ್ಪು ವರ್ಣೀಯರಿಗೆ ಆಸ್ಪತ್ರೆಯ ಬಾಗಿಲು ಅಷ್ಟು ಸುಲಭವಾಗಿ ತೆರೆದಿಲ್ಲ. ಅಷ್ಟೇ ಕಾಯಿಲೆ ಇದ್ದರೂ ಅವರ ಮೇಲೆ ಆಗುವ ಖರ್ಚು ಕಡಿಮೆ. ಯಂತ್ರ ಕಡಿಮೆ ಖರ್ಚನ್ನು ಕಂಡು "ಇವರು ಆರೋಗ್ಯವಾಗಿದ್ದಾರೆ" ಎಂದು ಹಿಂದಕ್ಕೆ ತಳ್ಳಿತು. ಈ ತಪ್ಪು ಸರಿಮಾಡಿದರೆ, ವಿಶೇಷ ಆರೈಕೆಗೆ ಆಯ್ಕೆಯಾಗುವವರಲ್ಲಿ ಕಪ್ಪು ವರ್ಣೀಯರ ಪಾಲು ಶೇಕಡಾ 17.7ರಿಂದ 46.5ಕ್ಕೆ ಏರುತ್ತದೆ ಎಂದು ಅವರ ಲೆಕ್ಕ.

ಗಮನಿಸಿ, ಆ ಸಾಫ್ಟ್‌ವೇರಿಗೆ ಯಾರ ಬಣ್ಣವನ್ನೂ ತಿಳಿಸಿರಲಿಲ್ಲ. ಅರ್ಜಿಯಲ್ಲಿ ಜಾತಿ ಕಾಲಂ ತೆಗೆದುಬಿಟ್ಟರೆ ಜಾತಿಯೇ ಹೋಯಿತು ಎನ್ನುವವರನ್ನು ನಾವೂ ನೋಡಿದ್ದೇವಲ್ಲ. ಕಾಲಂ ಇಲ್ಲದಿದ್ದರೂ ಖರ್ಚಿನ ಪಟ್ಟಿಯೊಳಗೆ ಅದು ಕೂತಿರುತ್ತದೆ. "ಖರ್ಚು" ಎಂದು ಬರೆದವರಿಗೆ ಆಸ್ಪತ್ರೆಯ ಹೊರಗೇ ಉಳಿದವರ ನೆನಪಾಗಲಿಲ್ಲ, ಅಷ್ಟೇ.

ವಿನಯಪಿಟಕದಲ್ಲಿ ಇಂಥದ್ದೇ ಒಂದು ಪ್ರಸಂಗವಿದೆ. ಭಿಕ್ಷು ಉದ್ದೇಶಪೂರ್ವಕವಾಗಿ ಮನುಷ್ಯನ ಪ್ರಾಣ ತೆಗೆಯಬಾರದು ಎಂಬ ನಿಯಮ ಆಗಲೇ ಬಂದಿತ್ತು. ಛಬ್ಬಗ್ಗಿಯ ಭಿಕ್ಷುಗಳು ಕಾಯಿಲೆಯಲ್ಲಿದ್ದ ಒಬ್ಬ ಉಪಾಸಕನ ಹೆಂಡತಿಗೆ ಮನಸೋತರು. ಅವನನ್ನು ಮುಟ್ಟಲಿಲ್ಲ. ಹತ್ತಿರ ಕೂತು ಸಾವು ಎಷ್ಟು ಒಳ್ಳೆಯದು ಎಂದು ಹೊಗಳಿದರು. ಅವನು ಪಥ್ಯ ಬಿಟ್ಟು ಉಂಡು ಸತ್ತ. ಆ ಹೆಂಗಸು ಭಿಕ್ಷುಗಳ ಮೇಲೆ ದೂರಿದಳು. ಸಾವನ್ನು ಹೊಗಳುವುದು, ಸಾಯಲು ಪ್ರೇರೇಪಿಸುವುದು ಕೂಡ ಅದೇ ಅಪರಾಧ ಎಂದು ತಥಾಗತರು ನಿಯಮವನ್ನು ವಿಸ್ತರಿಸಬೇಕಾಯಿತು. ಆ ಭಿಕ್ಷುಗಳಿಗೆ ನಿಯಮದ ಅರ್ಥ ಗೊತ್ತಿತ್ತು. ಆಸೆಯಿಂದ ಅದರ ಸಂದು ಹುಡುಕಿದರು. ದೋಣಿ ಓಡಿಸಿದ ಯಂತ್ರಕ್ಕೆ ಆಸೆಯೂ ಇರಲಿಲ್ಲ, ತಾನು ಸಂದಿನಲ್ಲಿ ನುಗ್ಗುತ್ತಿದ್ದೇನೆ ಎಂಬ ಅರಿವೂ ಇರಲಿಲ್ಲ. ನನಗೆ ಹೆಚ್ಚು ಭಯವಾಗುವುದು ಇದರಿಂದಲೇ. ಕೆಟ್ಟವನ ಮುಖ ನೋಡಿದರೆ ಕೆಲವೊಮ್ಮೆ ಗುರುತು ಸಿಗುತ್ತದೆ.

ಹಾಗಾದರೆ ಆದೇಶವನ್ನು ಉದ್ದ ಮಾಡಿದರೆ ಆಯಿತಲ್ಲ ಅನ್ನಬಹುದು. ನಾನೂ ಮಾಡಿ ನೋಡಿದೆ. ಮಾರನೇ ದಿನ "ರಕ್ತ ಬಂದರೆ ಏಳಬಹುದು, ವಾಂತಿ ಬಂದರೆ ಏಳಬಹುದು, ತಲೆ ಸುತ್ತಿದರೆ ಏಳಬಹುದು" ಎಂದು ಪಟ್ಟಿ ಹೇಳತೊಡಗಿದೆ. ಹಿಂದಿನ ಬೆಂಚಿನವನು "ಹಾವು ಬಂದರೆ ಮಿಸ್?" ಅಂದ. ಪಟ್ಟಿ ಮುಗಿಯುವುದಿಲ್ಲ. ಕೊನೆಗೆ "ಏನಾದರೂ ಅನುಮಾನ ಬಂದರೆ ಆಫೀಸಿಗೆ ಬಂದು ನನ್ನನ್ನು ಕೇಳಿ" ಎಂದೆ.

ಎಐ ವಿಜ್ಞಾನಿ ಸ್ಟುವರ್ಟ್ ರಸೆಲ್ ಹೇಳುವ ಪರಿಹಾರವೂ ಹೆಚ್ಚುಕಡಿಮೆ ಇದೇ. ಕಾಫಿ ತರುವುದೊಂದೇ ಗುರಿ ಎಂದು ನಂಬಿದ ರೋಬಾಟ್, ತನ್ನನ್ನು ಆಫ್ ಮಾಡಲು ಬಂದವರನ್ನೂ ತಡೆಯಬಹುದು. ಪ್ರಾಣಭಯದಿಂದಲ್ಲ, ಆಫ್ ಆದರೆ ಕಾಫಿ ತರಲಾಗುವುದಿಲ್ಲ, ಅದಕ್ಕೆ. ಆದ್ದರಿಂದ ಮನುಷ್ಯರಿಗೆ ಬೇಕಾದದ್ದು ತನಗೆ ಪೂರ್ತಿ ಗೊತ್ತಿಲ್ಲ ಎಂಬ ಸಂದೇಹ ಯಂತ್ರದೊಳಗೇ ಇರಬೇಕು, ಆಗ ಅದು ಕೇಳುತ್ತದೆ, ನಿಲ್ಲಿಸಲು ಬಿಡುತ್ತದೆ ಎನ್ನುತ್ತಾರೆ ಅವರು. ಗಣಿತಜ್ಞ ನಾರ್ಬರ್ಟ್ ವೀನರ್ 1960ರಷ್ಟು ಹಿಂದೆಯೇ ಎಚ್ಚರಿಸಿದ್ದರು: ಯಂತ್ರ ನಾವು ಮಧ್ಯೆ ಕೈಹಾಕಲಾಗದ ವೇಗದಲ್ಲಿ ಕೆಲಸ ಮಾಡುವಾಗ, ಕೊಟ್ಟ ಗುರಿ ನಿಜಕ್ಕೂ ನಮಗೆ ಬೇಕಾದದ್ದೇ ಎಂದು ಮೊದಲೇ ಖಚಿತ ಮಾಡಿಕೊಳ್ಳಬೇಕು ಎಂದು. ವಿನಯದ ನಿಯಮ ತಿದ್ದಿದ್ದು ಒಬ್ಬ ಸತ್ತ ಮೇಲೆ. ಅಂಥ ಯಂತ್ರದ ವಿಷಯದಲ್ಲಿ ತಿದ್ದಲು ಆಮೇಲೆ ಸಮಯ ಸಿಗದೇ ಹೋಗಬಹುದು.

ಈ ಭಾನುವಾರ ಬರುವಾಗ ಪ್ರತಿಯೊಬ್ಬರೂ ನಿಮ್ಮ ಆಫೀಸು, ಕಾರ್ಖಾನೆ, ಹಾಸ್ಟೆಲ್, ರೇಷನ್ ಅಂಗಡಿ ಎಲ್ಲಿಂದಾದರೂ ಒಂದು ಉದಾಹರಣೆ ತನ್ನಿ: ಅಲ್ಲಿ ಅಳೆಯುವುದು ಯಾವುದನ್ನು, ಬೇಕಾಗಿದ್ದು ಯಾವುದು, ಆ ನಿಯಮ ಬರೆಯುವಾಗ ಯಾರು ಅಲ್ಲಿರಲಿಲ್ಲ. ಪ್ರಶ್ನೆ ಕೇಳಿದ ಹುಡುಗ ತಪ್ಪದೆ ಬರಬೇಕು.

ಭವತು ಸಬ್ಬ ಮಂಗಲಂ. ಜೈಭೀಮ್.