ಡೋನಟ್ ಗಟ್ಟಿ, ಚಾಕೊಲೇಟ್ ನೀರು

ಒವನ್‌ನಲ್ಲಿ ಮಾಡಿದ ಡೋನಟ್ ಆರುತ್ತಲೇ ಕಟಕಟ ಎನ್ನುತ್ತದೆ, ಮೇಲಿನ ಚಾಕೊಲೇಟ್ ಕೈಗೆ ಮೆತ್ತುತ್ತದೆ ಎಂದು ತಿಂಥಣಿಯಿಂದ ಬರೆದಿದ್ದೀರಿ ಅಕ್ಕಾ. ಎರಡಕ್ಕೂ ಕಾರಣ ಬೇರೆ.

ನೀವು ಬೇಯಿಸಿದ 25 ನಿಮಿಷ ಬ್ರೆಡ್ಡಿಗೆ ಸರಿ. ಡೋನಟ್‌ಗೆ, 180 ಡಿಗ್ರಿಗೆ ಮೊದಲೇ ಕಾದ ಒವನ್‌ನಲ್ಲಿ, 10–12 ನಿಮಿಷ ಸಾಕು. ತಿಳಿ ಹೊಂಬಣ್ಣ ಬಂದೊಡನೆ ತೆಗೆದು, ಬಿಸಿಯಿರುವಾಗಲೇ ಬೆಣ್ಣೆ ಸವರಿ. 250 ಗ್ರಾಂ ಮೈದಾಕ್ಕೆ 40 ಗ್ರಾಂ ಬೆಣ್ಣೆ ಹಾಕಿ. ಎಣ್ಣೆಯಲ್ಲಿ ಕರಿಯದ ಮೇಲೆ ಇಲ್ಲಿ ಜಿಪುಣತನ ಸಲ್ಲದು. ಹಿಟ್ಟು ಕೈಗೆ ತುಸು ಅಂಟುತ್ತಿರಲಿ. ಬೇಸಿಗೆಯಲ್ಲಿ ಹಾಲು ಬಿಸಿ ಮಾಡಬೇಡಿ, ಅಡುಗೆಮನೆಯ ಸೆಕೆಗೇ ಯೀಸ್ಟ್ ಬೇಗ ಉಬ್ಬುತ್ತದೆ. ಹಿಟ್ಟು ಎರಡರಷ್ಟಾದರೆ ಸಾಕು, ಗಡಿಯಾರ ನೋಡಬೇಡಿ.

ಇನ್ನು ಚಾಕೊಲೇಟ್. ಕೋಕೋ ಬೆಣ್ಣೆ ಸುಮಾರು 34 ಡಿಗ್ರಿಗೇ ಕರಗುತ್ತದೆ. ಕೃಷ್ಣೆ ಪಕ್ಕದಲ್ಲೇ ಹರಿದರೂ ಏಪ್ರಿಲ್‌ನಲ್ಲಿ ನಿಮ್ಮ ಸುರಪುರ ಸೀಮೆ 40 ದಾಟುತ್ತದಲ್ಲ! ದುಬಾರಿ ಬಾರ್ ಕರಗಿಸಿದರೆ ದುಡ್ಡು ದಂಡ. 100 ಗ್ರಾಂ ನುಣ್ಣನೆಯ ಸಕ್ಕರೆ ಪುಡಿ, ಎರಡು ಚಮಚ ಕೋಕೋ ಜರಡಿ ಹಿಡಿದು, ಹಾಲು ಚಮಚ ಚಮಚವಾಗಿ ಬೆರೆಸಿ. ಇಲ್ಲಿ ಪದರ ಬಿಗಿಯುವುದು ಸಕ್ಕರೆ ಒಣಗಿ. ಹಾಗಾಗಿ ಸೆಕೆಗೆ ಜಗ್ಗದು. ಡೋನಟ್ ಪೂರ್ತಿ ಆರಿದ ಮೇಲೆಯೇ ಅದ್ದಿ. ನಿಮ್ಮೂರ ಮೌನೇಶ್ವರ ಜಾತ್ರೆಗೆ ಬರುವ ನೆಂಟರಿಗಾದರೆ ಬಾರ್ ಕರಗಿಸಿ ನೋಡಬಹುದು, ಆಗಿನ್ನೂ ಬಿಸಿಲು ಅಷ್ಟು ಏರಿರುವುದಿಲ್ಲ.