ರೋಬಾಟಿನ ಆರು ಗಾಲಿಗಳು

ಎತ್ತಿನ ಗಾಡಿಯನ್ನು ನಿಂತಲ್ಲಿಯೇ ತಿರುಗಿಸುವುದು ಕಷ್ಟವಲ್ಲ. ಒಂದು ಗಾಲಿ ಮುಂದಕ್ಕೂ ಇನ್ನೊಂದು ಹಿಂದಕ್ಕೂ ಉರುಳಿದರೆ ಸಾಕು. ತೇರಿನ ಮಾತು ಬೇರೆ. ಅದರ ನಾಲ್ಕು ಗಾಲಿಗಳೂ ಒಂದೇ ದಿಕ್ಕಿಗೆ ನೆಟ್ಟಿರುವುದರಿಂದ ಬೀದಿಯ ತಿರುವಿನಲ್ಲಿ ಅದನ್ನು ಹೊರಳಿಸಲು ಹಲವು ಕೈಗಳು ಬೇಕು. ವಿದ್ಯಾರ್ಥಿಗಳು ಸ್ಪರ್ಧೆಗಾಗಿ ಕಟ್ಟುವ ರೋಬಾಟುಗಳಿಗೂ ಇದೇ ತೊಡಕು ಎದುರಾಗುತ್ತದೆ.

ಇಂಥ ಸ್ಪರ್ಧೆಗಳಲ್ಲಿ ಹೆಸರಾದುದು ಅಮೆರಿಕದ ‘ಫಸ್ಟ್’ ಸಂಸ್ಥೆಯದು. ಡೀನ್ ಕೇಮನ್ ಎಂಬ ಯಂತ್ರಶೋಧಕನು 1989ರಲ್ಲಿ ಸ್ಥಾಪಿಸಿದ ಈ ಸಂಸ್ಥೆಯ ಮೊದಲ ಸ್ಪರ್ಧೆ 1992ರಲ್ಲಿ ನ್ಯೂ ಹ್ಯಾಂಪ್‌ಷೈರ್ ಸಂಸ್ಥಾನದ ಪ್ರೌಢಶಾಲೆಯೊಂದರಲ್ಲಿ ನಡೆಯಿತು. 28 ತಂಡಗಳು ಸೇರಿದ್ದುವು. 2024ರ ನಿಯಮದಂತೆ ರೋಬಾಟಿನ ತೂಕ, ಬ್ಯಾಟರಿ ಮತ್ತು ಹೊರಸುತ್ತಿನ ಮೆತ್ತೆಗಳನ್ನು ಬಿಟ್ಟು, ಸುಮಾರು 57 ಕಿಲೋಗ್ರಾಮನ್ನು ಮೀರುವಂತಿರಲಿಲ್ಲ. ಆ ವರ್ಷ ಪಂದ್ಯದ ಅವಧಿ ಎರಡೂವರೆ ನಿಮಿಷವಾಗಿತ್ತು. ಶಕ್ತಿಯ ಮೂಲ 12 ವೋಲ್ಟಿನ ಒಂದೇ ಬ್ಯಾಟರಿ.

ರೋಬಾಟೆಂದೊಡನೆ ಕೈಕಾಲುಗಳುಳ್ಳ ಮನುಷ್ಯಾಕೃತಿಯನ್ನು ಊಹಿಸಬೇಕಾಗಿಲ್ಲ. ಇದು ಗಾಲಿಗಳ ಮೇಲೆ ನಿಂತ ಚೌಕಟ್ಟು. ಅದನ್ನೇ ಚಾಸಿಸ್ ಎನ್ನುವರು. ಸರಳವಾದ ಚಾಸಿಸ್ಸಿನಲ್ಲಿ ಎಡಗಾಲಿಗಳಿಗೂ ಬಲಗಾಲಿಗಳಿಗೂ ಬೇರೆ ಬೇರೆ ಮೋಟಾರುಗಳಿರುತ್ತವೆ. ಎಡಗಡೆಯವನ್ನು ಮುಂದಕ್ಕೂ ಬಲಗಡೆಯವನ್ನು ಹಿಂದಕ್ಕೂ ಓಡಿಸಿದರೆ ರೋಬಾಟು ತಿರುಗಬೇಕು. ಆದರೆ ಅದು ಯಾವಾಗಲೂ ತಿರುಗುವುದಿಲ್ಲ. ಏಕೆ?

ನಾಲ್ಕು ಗಾಲಿಗಳ ಒಂದು ಚಾಸಿಸ್ಸನ್ನು ತೆಗೆದುಕೊಳ್ಳೋಣ. ಮುಂದಿನ ಮತ್ತು ಹಿಂದಿನ ಗಾಲಿಗಳ ಅಂತರ 70 ಸೆಂಟಿಮೀಟರು. ಎಡಬಲಗಳ ಅಂತರ 60 ಸೆಂಟಿಮೀಟರು. ತೂಕ ನಾಲ್ಕಕ್ಕೂ ಸಮನಾಗಿ ಹಂಚಿದೆಯೆಂದಿರಲಿ. ಗಾಲಿಯು ನೆಲವನ್ನು ಎಷ್ಟು ಬಲದಿಂದ ತಳ್ಳಬಹುದೆಂಬುದನ್ನು ಘರ್ಷಣೆಯೇ ನಿರ್ಧರಿಸುತ್ತದೆ. ಈ ಬಲವು ರೋಬಾಟಿನ ಮಧ್ಯದಿಂದ 30 ಸೆಂಟಿಮೀಟರು ದೂರದಲ್ಲಿ ನಿಂತು ಅದನ್ನು ತಿರುಗಿಸುತ್ತದೆ. ಆದರೆ ತಿರುಗುವಾಗ ಪ್ರತಿಯೊಂದು ಗಾಲಿಯೂ ಅಡ್ಡಲಾಗಿ ನೆಲದ ಮೇಲೆ ಉಜ್ಜಿಕೊಂಡು ಹೋಗಬೇಕು. ಇದನ್ನು ತಡೆಯುವ ಘರ್ಷಣೆಯು 35 ಸೆಂಟಿಮೀಟರು ದೂರದಲ್ಲಿ ವರ್ತಿಸುತ್ತದೆ. ಎರಡೂ ದಿಕ್ಕುಗಳಲ್ಲಿ ಘರ್ಷಣೆ ಒಂದೇ ಆದರೆ ಗೆಲ್ಲುವುದು ಯಾವುದು? ಸನ್ನೆಗೋಲಿನ ನಿಯಮ ಬಲ್ಲ ವಾಚಕರಿಗೆ ಉತ್ತರ ಸ್ಪಷ್ಟ. ತಡೆಯೇ ಗೆಲ್ಲುತ್ತದೆ. ಮೋಟಾರುಗಳು ಹೆಣಗುತ್ತವೆ, ವಿದ್ಯುತ್ ಪ್ರವಾಹ ಏರುತ್ತದೆ, ಬ್ಯಾಟರಿಯ ವೋಲ್ಟೇಜು ಇಳಿಯುತ್ತದೆ. ವಾರಗಟ್ಟಲೆ ದುಡಿದ ತಂಡದ ಪಂದ್ಯ ಅಲ್ಲಿಗೇ ಮುಗಿಯಬಹುದು.

ಪರಿಹಾರಗಳು ಹಲವು. ಚಾಸಿಸ್ಸನ್ನು ಗಿಡ್ಡವಾಗಿಯೂ ಅಗಲವಾಗಿಯೂ ಕಟ್ಟಬಹುದು. ಆದರೆ ಎತ್ತರದ ರೋಬಾಟು ಮುಂದಕ್ಕೋ ಹಿಂದಕ್ಕೋ ಮಗುಚುವ ಭಯ ಹೆಚ್ಚುತ್ತದೆ. ಅಂಚಿನ ಸುತ್ತ ಸಣ್ಣ ಉರುಳೆಗಳುಳ್ಳ, ಅಡ್ಡಲಾಗಿಯೂ ಜರುಗಬಲ್ಲ ಗಾಲಿಗಳನ್ನು ಹಾಕಬಹುದು. ಆಗ ಎದುರಾಳಿಯು ಪಕ್ಕದಿಂದ ಸುಲಭವಾಗಿ ನೂಕಬಲ್ಲನು. ಈಚೆಗೆ ಅನೇಕ ತಂಡಗಳು ಪ್ರತಿ ಗಾಲಿಯನ್ನೂ ಬೇಕಾದ ದಿಕ್ಕಿಗೆ ಹೊರಳಿಸುವ ಏರ್ಪಾಟನ್ನು ಬಳಸುತ್ತವೆ. ಅದಕ್ಕೆ ಹಣವೂ ಪರಿಣತಿಯೂ ಹೆಚ್ಚು ಬೇಕು.

ಹೊಸ ತಂಡಕ್ಕೆ ಒಪ್ಪುವ ಉಪಾಯ ಇನ್ನೊಂದಿದೆ. ಒಂದೊಂದು ಪಕ್ಕಕ್ಕೆ ಮೂರರಂತೆ ಆರು ಗಾಲಿಗಳನ್ನು ಜೋಡಿಸಿ, ನಡುವಿನವನ್ನು ಸುಮಾರು 3 ಮಿಲಿಮೀಟರು ಕೆಳಗಿರಿಸುವುದು. ಆಗ ಯಾವ ಕ್ಷಣದಲ್ಲಿಯೂ ನೆಲವನ್ನು ಒತ್ತುವುವು ನಾಲ್ಕೇ ಗಾಲಿಗಳು: ನಡುವಿನ ಎರಡು, ಜೊತೆಗೆ ಮುಂದಿನ ಅಥವಾ ಹಿಂದಿನ ಎರಡು. ನೆಲದ ಪಾಲಿಗೆ 70 ಸೆಂಟಿಮೀಟರಿನ ಉದ್ದ 35ಕ್ಕೆ ಇಳಿಯಿತು. ತೂಕ ಸಮನಾಗಿ ಹಂಚಿದ್ದರೂ ತಡೆಯ ದೂರ ಹದಿನೇಳೂವರೆ, ತಿರುಗಿಸುವ ದೂರ ಮೊದಲಿನಂತೆ 30. ರೋಬಾಟು ಸಲೀಸಾಗಿ ತಿರುಗುತ್ತದೆ.

ಈ ಲಾಭಕ್ಕೂ ಬೆಲೆಯುಂಟು. ಚಾಸಿಸ್ಸು ಹಿಂದುಮುಂದಕ್ಕೆ ತುಸು ತೂಗಾಡುತ್ತದೆ. ನಮ್ಮ ಲೆಕ್ಕದ ರೋಬಾಟಿನಲ್ಲಿ ಒಂದು ಮೀಟರು ಎತ್ತರದ ತುದಿಯು ಸುಮಾರು 17 ಮಿಲಿಮೀಟರು ಓಲಾಡುವುದು. ಇಳಿತವನ್ನು ಹೆಚ್ಚಿಸಿದರೆ ಓಲಾಟವೂ ಹೆಚ್ಚುತ್ತದೆ. ತೀರ ಕಡಿಮೆ ಮಾಡಿದರೆ ಗಾಲಿಗಳು ಕಾರ್ಪೆಟ್ಟಿನಲ್ಲಿ ಹೂತು ಆರೂ ನೆಲವನ್ನು ಮುಟ್ಟಿ ಹಳೆಯ ತೊಡಕೇ ಮರಳುತ್ತದೆ.

ಇನ್ನೊಂದು ಎಚ್ಚರಿಕೆ. ಗೇರುಪೆಟ್ಟಿಗೆಯಿಂದ ನಡುಗಾಲಿಗೆ ಚಲನೆ ನೇರವಾಗಿ ಬರಲಿ. ಸರಪಳಿಗಳು ಅಲ್ಲಿಂದ ಮುಂದಿನ ಹಿಂದಿನ ಗಾಲಿಗಳಿಗೆ ಹೋಗಲಿ. ನಡುಗಾಲಿ ಸದಾ ನೆಲದ ಮೇಲಿರುವುದರಿಂದ, ಸರಪಳಿ ಹರಿದರೂ ರೋಬಾಟು ನಿಲ್ಲುವುದಿಲ್ಲ.

ಮೇಲಿನ ತೋಳುಗಳನ್ನು ಜೋಡಿಸುವ ಮೊದಲು, ಚಾಸಿಸ್ಸಿನ ಮೇಲೆ ಪೂರ್ಣ ತೂಕ ಹೇರಿ, ಕಾರ್ಪೆಟ್ಟಿನ ಮೇಲೆ ಅದನ್ನು ತಿರುಗಿಸಿ ನೋಡಬೇಕು. ತೋಳು ಎಷ್ಟೇ ಚತುರವಾಗಿರಲಿ, ಕೆಲಸವಿರುವ ಕಡೆಗೆ ಅದನ್ನು ಒಯ್ಯಬೇಕಾದವು ಗಾಲಿಗಳೇ.