ಹೊಗೆಯಿಲ್ಲದ ಬಸ್ಸಿಗೆ ಎಂಟು ಸೂತ್ರಗಳು

ನಗರದ ಗಾಳಿ ಕೆಟ್ಟಿದೆ ಎಂದು ಗೊಣಗುವವರಿಗೆ ಬರವಿಲ್ಲ. ಗೊಣಗಾಟ ಅರ್ಜಿಯಾಗಿ, ಅರ್ಜಿ ಆದೇಶವಾಗಿ, ಆದೇಶ ರಸ್ತೆಗಿಳಿಯುವ ತನಕ ಬೆನ್ನು ಬಿಡದವರು ಕಡಿಮೆ. ಬೆಂಗಳೂರಿನಲ್ಲಿ ಸ್ವಚ್ಛ ಬಸ್ಸಿಗಾಗಿ ದನಿ ಎತ್ತಲು ಹೊರಟಿದ್ದೀರಾ? ಇವಿಷ್ಟು ನೆನಪಿರಲಿ.

1. ಬಸ್ಸಿನ ಮೇಲೆ ಹಗೆ ಬೇಡ
ಹೊಗೆ ಉಗುಳಿತೆಂದು ಬಸ್ಸನ್ನೇ ನಿಲ್ಲಿಸಿದರೆ ಅದರಲ್ಲಿದ್ದವರು ಬೈಕು, ಕಾರು ಹತ್ತುತ್ತಾರೆ. ಗಾಳಿ ಇನ್ನಷ್ಟು ಕೆಡುತ್ತದೆ. ಬೇಡಿಕೆ ಜೋಡಿಯಾಗಿರಲಿ: ಬಸ್ಸು ಹೆಚ್ಚಲಿ, ಹೊಗೆ ಇಳಿಯಲಿ. ಬರೀ ಹೊಗೆಯ ಮಾತಾಡಿದರೆ ಸ್ಟಾಪಿನಲ್ಲಿ ಅರ್ಧ ಗಂಟೆ ಕಾದು ನಿಂತವರು ನಿಮ್ಮ ಜತೆ ಬರುವುದಿಲ್ಲ.

2. ಹೊಗೆಯ ಬಣ್ಣ ನೋಡಿ
ಕಪ್ಪು ಹೊಗೆ ಎಂದರೆ ಡೀಸೆಲ್ ಪೂರ್ತಿ ಉರಿಯುತ್ತಿಲ್ಲ. ಏರ್ ಫಿಲ್ಟರ್ ಕಟ್ಟಿರಬಹುದು, ಇಂಜೆಕ್ಟರ್ ಕೆಟ್ಟಿರಬಹುದು. ನೀಲಿ ಛಾಯೆ ಕಂಡರೆ ಎಂಜಿನ್ ಆಯಿಲ್ ಉರಿಯುತ್ತಿರುವ ಸಾಧ್ಯತೆ ಹೆಚ್ಚು. ದೂರಿನಲ್ಲಿ ನೋಂದಣಿ ಸಂಖ್ಯೆ, ಮಾರ್ಗ ಸಂಖ್ಯೆ, ಜಾಗ, ಸಮಯ, ಹೊಗೆಯ ಬಣ್ಣ ಇರಲಿ. ಹತ್ತು ಸೆಕೆಂಡಿನ ವಿಡಿಯೊ ಲಗತ್ತಿಸಿ. ಬಸ್ಸು ಸ್ಟಾಪು ಬಿಟ್ಟು ಹೊರಡುವಾಗ ಅಥವಾ ಫ್ಲೈಓವರ್ ಏರುವಾಗ ಚಿತ್ರೀಕರಿಸಿ. ಎಂಜಿನ್ನಿನ ಮೇಲೆ ಭಾರ ಬಿದ್ದಾಗಲೇ ಅದರ ಬಣ್ಣ ಬಯಲಾಗುವುದು.

3. ಎಣಿಸಿ, ಅಳೆಯಿರಿ
1996ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ‘ವೀ ಆ್ಯಕ್ಟ್’ ಸಂಘಟನೆ ಕೊಲಂಬಿಯಾ ವಿಶ್ವವಿದ್ಯಾಲಯದ ಸಂಶೋಧಕರ ಜತೆ ಕೈಜೋಡಿಸಿತು. ಬಡಾವಣೆಯ ಹುಡುಗ–ಹುಡುಗಿಯರು ಗಾಳಿ ಅಳೆಯುವ ಉಪಕರಣ ಹೊತ್ತು ಫುಟ್‌ಪಾತಿಗೆ ಬಂದರು. ಹಾದುಹೋಗುವ ಬಸ್ಸು, ಲಾರಿ ಎಣಿಸಿದರು. ಅವು ಹೆಚ್ಚಿದ ಕಡೆ ಡೀಸೆಲ್ ಮಸಿಯೂ ಹೆಚ್ಚಿತ್ತು. ನೀವೂ ಅಂಕಿ ಹಿಡಿದು ಮಾತಾಡಿ. ಯಾವ ಮಾನದಂಡಕ್ಕೆ ಹೋಲಿಸುತ್ತಿದ್ದೀರಿ ಎಂಬುದನ್ನು ಮೊದಲೇ ಹೇಳಿಬಿಡಿ: ಪಿಎಂ 2.5 ಕಣಗಳ ವಾರ್ಷಿಕ ಸರಾಸರಿಗೆ ಭಾರತದ ಮಿತಿ ಘನ ಮೀಟರಿಗೆ 40 ಮೈಕ್ರೊಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು ಬರೀ 5.

4. ಸರಿಯಾದ ಬಾಗಿಲು ತಟ್ಟಿ
ಬಸ್ಸಿನ ಖರೀದಿ, ನಿರ್ವಹಣೆ ಶಾಂತಿನಗರದ ಬಿಎಂಟಿಸಿಯದು. ವಾಹನಗಳ ಹೊಗೆ ತಪಾಸಣೆ ಸಾರಿಗೆ ಇಲಾಖೆಗೆ ಸೇರಿದ್ದು. ಗಾಳಿ ಅಳೆಯುವುದು ಚರ್ಚ್ ಸ್ಟ್ರೀಟಿನ ಮಾಲಿನ್ಯ ನಿಯಂತ್ರಣ ಮಂಡಳಿ. ಬಸ್ ಪಥದ ವಿಚಾರಕ್ಕೆ ನಗರ ಭೂ ಸಾರಿಗೆ ನಿರ್ದೇಶನಾಲಯವೂ ಸಂಚಾರ ಪೊಲೀಸರೂ ಬೇಕು. ಎಲ್ಲರಿಗೂ ಒಂದೇ ಮನವಿಯ ನಕಲು ಕಳಿಸಿದರೆ ಎಲ್ಲರೂ ಪಕ್ಕದ ಕಚೇರಿಯತ್ತ ಕೈ ತೋರಿಸುತ್ತಾರೆ.

5. ಹತ್ತು ರೂಪಾಯಿ ಖರ್ಚು ಮಾಡಿ
ಆರ್‌ಟಿಐ ಅರ್ಜಿಯ ಶುಲ್ಕ ಅಷ್ಟೇ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ. ಉತ್ತರಕ್ಕೆ 30 ದಿನ ಗಡುವು. ‘ಯಾಕೆ ಹೀಗೆ?’ ಎಂದು ಕೇಳಿದರೆ ಜಾರಿಕೊಳ್ಳುತ್ತಾರೆ. ದಾಖಲೆ ಕೇಳಿ: ಈ ಡಿಪೊದಲ್ಲಿ ಬಿಎಸ್–6 ಹೊಗೆ ಮಾನದಂಡಕ್ಕಿಂತ ಹಳೆಯ ಬಸ್ಸುಗಳೆಷ್ಟು? ಕಳೆದ ವರ್ಷ ಹೊಗೆ ತಪಾಸಣೆಯಲ್ಲಿ ಫೇಲಾದವು ಯಾವುವು?

6. ಚಾಲಕ, ನಿರ್ವಾಹಕರನ್ನು ಜತೆಗೆ ಕರೆದುಕೊಳ್ಳಿ
ಡೀಸೆಲ್ ಹೊಗೆ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2012ರಲ್ಲೇ ಘೋಷಿಸಿದೆ. ಪಾಳಿಯುದ್ದಕ್ಕೂ ಅದನ್ನು ಕುಡಿಯುವವರು ಇವರೇ. ದೂರು ಕೊಡುವಾಗ ಬಸ್ಸಿನ ಮೇಲೆ ಕೊಡಿ, ಚಾಲಕನ ಮೇಲಲ್ಲ. ಯಾವ ಬಸ್ಸು ರಿಪೇರಿ ಕಾಣದೆ ಓಡುತ್ತಿದೆ ಎಂಬುದು ಅವರಿಗೆ ಗೊತ್ತಿರುವಷ್ಟು ಇನ್ಯಾರಿಗೂ ಗೊತ್ತಿರುವುದಿಲ್ಲ.

7. ಬೇಡಿಕೆಗೊಂದು ತಾರೀಕು ಹಾಕಿ
ದೆಹಲಿಯ ಗಾಳಿಗಾಗಿ ವಕೀಲ ಎಂ.ಸಿ. ಮೆಹ್ತಾ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದ್ದು 1985ರಲ್ಲಿ. ಅನಿಲ್ ಅಗರ್‌ವಾಲ್ ಕಟ್ಟಿದ ವಿಜ್ಞಾನ ಮತ್ತು ಪರಿಸರ ಕೇಂದ್ರ 1996ರಲ್ಲಿ ವಾಹನ ಮಾಲಿನ್ಯದ ವರದಿ ತಂದು ಜನಾಭಿಪ್ರಾಯ ಕಟ್ಟಿತು. 1998ರ ಜುಲೈನಲ್ಲಿ ಕೋರ್ಟು, 2001ರ ಮಾರ್ಚ್ 31ರೊಳಗೆ ನಗರದ ಬಸ್ಸುಗಳೆಲ್ಲ ಸಿಎನ್‌ಜಿಗೆ ಬದಲಾಗಬೇಕೆಂದಿತು. ಗಡುವು ಜಾರಿತು, ಸಿಎನ್‌ಜಿ ಪಂಪುಗಳ ಮುಂದೆ ಉದ್ದುದ್ದ ಸಾಲು ಬೆಳೆಯಿತು, ಸರ್ಕಾರ ಕಾಲಾವಕಾಶ ಬೇಡಿತು. ಆದರೂ 2002 ಮುಗಿಯುವ ಹೊತ್ತಿಗೆ ಡೀಸೆಲ್ ಸಿಟಿ ಬಸ್ಸುಗಳು ರಸ್ತೆ ಬಿಟ್ಟಿದ್ದವು. ‘ಶೀಘ್ರದಲ್ಲೇ’ ಎಂದಿದ್ದರೆ ಯಾರೂ ಉತ್ತರ ಕೊಡಬೇಕಿರಲಿಲ್ಲ. ತಾರೀಕು ಇದ್ದುದರಿಂದ ಕೊಡಲೇಬೇಕಾಯಿತು.

8. ಗೆದ್ದ ಮೇಲೂ ಕಾವಲಿರಿ
2019ರಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಬಸ್ಸಿಗೆಂದೇ ಪಥ ಬಂತು. ಮೆಟ್ರೊ ಕಾಮಗಾರಿ ಶುರುವಾದ ಮೇಲೆ ಅದು ಉಳಿಯಲಿಲ್ಲ. ಎಲೆಕ್ಟ್ರಿಕ್ ಬಸ್ಸಿನ ಪ್ರಯೋಗ ನಡೆದದ್ದು 2014ರಲ್ಲಿ, ನಿತ್ಯದ ಓಡಾಟಕ್ಕೆ ಬಂದದ್ದು 2021ರ ಕೊನೆಗೆ. ಹೊಸ ಬಸ್ಸಿಗೆ ಹಸಿರು ಬಾವುಟ ತೋರಿಸಿದ ದಿನ ಫೋಟೊ ತೆಗೆಸಿಕೊಂಡು ಮನೆಗೆ ಹೋಗಬೇಡಿ. ಎಷ್ಟು ಹಳೆಯ ಬಸ್ಸು ಗುಜರಿಗೆ ಹೋದವು, ಎಷ್ಟು ಹೊಸವು ಬಂದವು, ದಿನಕ್ಕೆ ಎಷ್ಟು ಕಿಲೋಮೀಟರ್ ಓಡುತ್ತಿವೆ: ಈ ಮೂರು ಲೆಕ್ಕವನ್ನು ಮೂರು ತಿಂಗಳಿಗೊಮ್ಮೆ ಕೇಳಿ, ಬಸ್ ನಿಲ್ದಾಣದಲ್ಲಿ ಎಲ್ಲರಿಗೂ ಕಾಣುವಂತೆ ಅಂಟಿಸಿ.